ನಾಯಿಪಾಲು

ಮಾಡಿದ ಅಡುಗೆ ಮಿಕ್ಕಿ ಹಳಸಿದರೆ 'ಎಲ್ಲಾ ನಾಯಿಪಾಲಾಯಿತು' ಎಂದು ನಾವು ಹೆಂಗಸರು ಹಳಹಳಿಸುತ್ತೇವೆ. ದುಡಿದ ದುಡ್ಡು ಪೋಲಾದರೂ ಇದೇ ಮಾತು, ಹಿರಿಯರ ಆಸ್ತಿ ಕರಗಿದರೂ ಇದೇ ಮಾತು. ಹಾಳಾದದ್ದೆಲ್ಲ ನಾಯಿಯ ಲೆಕ್ಕಕ್ಕೆ! ಆದರೆ ಈ ಮಾತಿನೊಳಗೆ 'ಪಾಲು' ಎಂಬ ಪದ ಕುಳಿತಿದೆಯಲ್ಲ, ಅದನ್ನು ನಾವು ಗಮನಿಸುವುದೇ ಇಲ್ಲ. ಪಾಲು ಎಂದರೆ ಬರಿಯ ಎಂಜಲಲ್ಲ, ಹಕ್ಕಿನಿಂದ ಬರತಕ್ಕದ್ದು. ಅಣ್ಣತಮ್ಮಂದಿರಿಗೆ ಪಾಲು, ತಡವಾಗಿಯಾದರೂ ಹೆಣ್ಣುಮಕ್ಕಳಿಗೆ ಪಾಲು, ಹಾಗೆಯೇ ನಾಯಿಗೂ ಒಂದು ಪಾಲು. ಈ ಪಾಲಿಗೂ ಒಂದು ಚರಿತ್ರೆಯಿದೆ. ನಾನು ಶಾಲೆಯಲ್ಲಿ ಕಲಿಸುವ ಪುಸ್ತಕದಲ್ಲಿ ರಾಜರ ಪಟ್ಟಾಭಿಷೇಕವಿದೆ, ಯುದ್ಧಗಳ ಇಸವಿಯಿದೆ. ಊಟ ಮುಗಿದ ಮೇಲೆ ಎಲೆಯಲ್ಲಿ ಉಳಿದದ್ದು ಎಲ್ಲಿಗೆ ಹೋಯಿತು ಎಂಬುದು ಮಾತ್ರ ಇಲ್ಲ. ಬೀದಿನಾಯಿಯ ಚರಿತ್ರೆ ಇರುವುದು ಅಲ್ಲಿಯೇ.

ನಾಯಿಯನ್ನು ಮನುಷ್ಯ ಹಿಡಿದು ತಂದು ಸಾಕಿದನೋ, ನಾಯಿಯ ಪೂರ್ವಜರೇ ಎಂಜಲಿನ ವಾಸನೆ ಹಿಡಿದು ಬಂದು ಅವನಿಗೆ ಹತ್ತಿರವಾದವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಚರ್ಚೆಯಿದೆ. ಜರ್ಮನಿಯ ಬಾನ್ ನಗರದ ಬಳಿ 1914ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಹಳೆಯ ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿಮರಿಯ ಮೂಳೆಗಳು. ಸುಮಾರು 14,000 ವರ್ಷಗಳಷ್ಟು ಹಳೆಯದು. ಆ ಮರಿ ಕಾಯಿಲೆ ಬಿದ್ದು ವಾರಗಟ್ಟಲೆ ನರಳಿತ್ತು, ಯಾರೋ ಉಣಿಸಿ ಆರೈಕೆ ಮಾಡದಿದ್ದರೆ ಅಷ್ಟು ದಿನ ಬದುಕುತ್ತಿರಲಿಲ್ಲ ಎಂದು ಹಲ್ಲುಗಳನ್ನು ಪರೀಕ್ಷಿಸಿದವರು ಹೇಳುತ್ತಾರೆ. ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಸೋಜಿಗವೆನಿಸಿತು. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಜೀರ್ಣಿಸಲು ಬೇಕಾದ ಒಂದು ವಂಶವಾಹಿ ತೋಳದಲ್ಲಿ ಎರಡೇ ಪ್ರತಿ, ನಾಯಿಯಲ್ಲಿ 4ರಿಂದ 30 ಪ್ರತಿ! ಅಂದರೆ ನಮ್ಮ ಅನ್ನ, ಮುದ್ದೆ, ರೊಟ್ಟಿಗಳು ಆ ಪ್ರಾಣಿಯ ಹೊಟ್ಟೆಯನ್ನೇ ಬದಲಿಸಿವೆ. ಕಾಡಿಗೆ ಹೋಗಿ ಬದುಕಿಕೋ ಎಂದರೆ ಎಲ್ಲಿಗೆ ಹೋದೀತು?

ನಮ್ಮ ದೇಶದಲ್ಲಿ ಈ ಪಾಲನ್ನು ಧರ್ಮದ ಲೆಕ್ಕಕ್ಕೇ ಸೇರಿಸಿದರು. ವೈಶ್ವದೇವ ಮಾಡುವ ಗೃಹಸ್ಥ ಉಣ್ಣುವ ಮೊದಲು ನಾಯಿಗೆ, ಕಾಗೆಗೆ, ಹುಳುಹುಪ್ಪಟೆಗೆ ಅನ್ನ ಇಡಬೇಕೆಂದು ಸ್ಮೃತಿಗಳು ಹೇಳುತ್ತವೆ. ಅದೇ ಪಟ್ಟಿಯಲ್ಲಿ 'ಪತಿತ'ರೆಂದು ಕರೆದ ಮನುಷ್ಯರನ್ನೂ ಸೇರಿಸಿದ್ದಾರೆ ಎಂಬುದು ನಾಚಿಕೆಯ ಸಂಗತಿ, ಅದನ್ನು ಮರೆಮಾಚಬಾರದು. ಶಾಸ್ತ್ರ ಓದದ ಮನೆಗಳಲ್ಲಿಯೂ ನಾಯಿಗೆ ಒಂದು ತುತ್ತು ಇದ್ದೇ ಇತ್ತು.

ನಮ್ಮ ಅಜ್ಜಿಯ ಮನೆಯಲ್ಲಿ ಈ ವ್ಯವಸ್ಥೆ ಎಷ್ಟು ಅಚ್ಚುಕಟ್ಟಾಗಿತ್ತೆಂಬುದು ಈಗ ಅರ್ಥವಾಗುತ್ತಿದೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ತಳ ಹಿಡಿದ ಅನ್ನ ಎಲ್ಲವೂ ಕಲಗಚ್ಚಿನ ಬಾನಿಗೆ, ಅಲ್ಲಿಂದ ಎಮ್ಮೆಗೆ. ಉಂಡ ಎಲೆ ತಿಪ್ಪೆಗೆ, ಅಲ್ಲಿಂದ ಹೊಲಕ್ಕೆ. ರಾತ್ರಿಯ ಅನ್ನ ಮಿಕ್ಕರೆ ಬೆಳಿಗ್ಗೆ ಚಿತ್ರಾನ್ನ. ಕೊನೆಗೆ ಹಿತ್ತಲ ಬಾಗಿಲಲ್ಲಿ ಕಾದು ಕುಳಿತ ಕರಿಯನಿಗೆ ಮಜ್ಜಿಗೆಯಲ್ಲಿ ಹಿಚುಕಿದ ಒಂದು ಹಿಡಿ ಮುದ್ದೆ. ಅದು ಬೀದಿಯ ನಾಯಿಯೇ, ಆದರೆ ಯಾರ ಮನೆಯಲ್ಲಿ ಯಾವ ಹೊತ್ತಿಗೆ ಎಷ್ಟು ಸಿಗುತ್ತದೆ ಎಂದು ಅದಕ್ಕೂ ಗೊತ್ತು, ಮನೆಯವರಿಗೂ ಗೊತ್ತು. ಇಡೀ ಬೀದಿಗೆ ಎರಡೋ ಮೂರೋ ನಾಯಿ. ಅಜ್ಜಿಗೆ ನಾಯಿಗಳ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಮಿಗುತ್ತಿದ್ದುದೇ ಅಷ್ಟು, ಆದ್ದರಿಂದ ನಾಯಿಗಳೂ ಅಷ್ಟೇ!

ಊರಿನ ಲೆಕ್ಕ ಹೀಗಿದ್ದರೆ, ಪಟ್ಟಣ ಬೆಳೆದಂತೆ ಲೆಕ್ಕ ತಪ್ಪಿತು. ಲಕ್ಷಾಂತರ ಜನ ಒಂದೆಡೆ ಸೇರಿ ಉಣ್ಣತೊಡಗಿದಾಗ ಮಿಕ್ಕದ್ದು ಯಾರ ಲೆಕ್ಕಕ್ಕೂ ಸಿಗದೆ ಬೀದಿಗೆ ಬಿತ್ತು, ನಾಯಿಗಳು ಹೆಚ್ಚಿದವು. ಸರಕಾರಗಳು ಬಡಿಗೆ ಕೈಗೆತ್ತಿಕೊಂಡವು. ಅಂಥ ಒಂದು ಪ್ರಸಂಗ 1832ರಲ್ಲಿ ಮುಂಬಯಿಯಲ್ಲಿ ನಡೆಯಿತು. ಆಗ ಕಂಪನಿ ಸರಕಾರದ ಆಳ್ವಿಕೆ. ವರ್ಷದ ಕೆಲವು ವಾರ ಬೀದಿನಾಯಿಗಳನ್ನು ಕೊಲ್ಲಿಸುವ ಪದ್ಧತಿ ಮೊದಲೇ ಇತ್ತು, ಆ ವರ್ಷ ಅದರ ಅವಧಿಯನ್ನು ಹೆಚ್ಚಿಸಿದರು. ಕೊಂದ ಒಂದೊಂದು ನಾಯಿಗೆ ಎಂಟಾಣೆ ಇನಾಮು. ಎಂಟಾಣೆಯ ಆಸೆಗೆ ಪೇದೆಗಳು ಸಾಕುನಾಯಿಗಳನ್ನೂ ಬಿಡಲಿಲ್ಲ. ಪಾರ್ಸಿಗಳಿಗೆ ಇದು ಸಹಿಸದಾಯಿತು. ಅವರ ಧರ್ಮದಲ್ಲಿ ನಾಯಿ ಪವಿತ್ರ. ಸತ್ತವರ ಶರೀರವನ್ನು ನಾಯಿಗೆ ತೋರಿಸುವ 'ಸಗ್‌ದೀದ್' ಎಂಬ ವಿಧಿ ಅವರಲ್ಲಿದೆ, ತಮ್ಮ ಊಟದಲ್ಲಿ ನಾಯಿಗೊಂದು ತುತ್ತು ತೆಗೆದಿಡುವ ಪದ್ಧತಿಯೂ ಇತ್ತು.

ಜೂನ್ 6ರಂದು ಗಲಭೆಯಾಯಿತು. ನಾಯಿ ಕೊಲ್ಲುವವರನ್ನು ಜನ ಹಿಡಿದು ಹೊಡೆದರು. ಮರುದಿನ ಅಂಗಡಿಮುಂಗಟ್ಟುಗಳು ಮುಚ್ಚಿದವು. ಪಾರ್ಸಿಗಳ ಜೊತೆಗೆ ಹಿಂದೂ, ಜೈನ, ಮುಸ್ಲಿಂ ವರ್ತಕರೂ ಸೇರಿದರು. ಕೊಲಾಬಾದಲ್ಲಿದ್ದ ಇಂಗ್ಲಿಷರ ಸೈನ್ಯಕ್ಕೆ ಹೋಗುತ್ತಿದ್ದ ಆಹಾರ ಸಾಮಗ್ರಿಗಳನ್ನು ದಾರಿಯಲ್ಲೇ ತಡೆದರು. ನೋಡಿ, ನಾಯಿಯ ತುತ್ತಿಗಾಗಿ ನಡೆದ ಜಗಳದಲ್ಲಿ ಸಿಪಾಯಿಯ ತುತ್ತಿಗೆ ಕುತ್ತು ಬಂತು! ಕೊನೆಗೆ ಸೈನ್ಯ ಬಂದು ಗಲಭೆಯನ್ನು ಅಡಗಿಸಿತು. ಸರಕಾರದ ಭಯವೂ ಸುಳ್ಳಾಗಿರಲಿಲ್ಲ ಎನ್ನಬೇಕು. ಹುಚ್ಚುನಾಯಿ ಕಚ್ಚಿದರೆ ಆಗ ಔಷಧಿಯೇ ಇರಲಿಲ್ಲ. ಪಾಶ್ಚರ್ ಮಹಾಶಯ ಮೊದಲ ಲಸಿಕೆ ಕೊಟ್ಟದ್ದು 1885ರಲ್ಲಿ. ನಾಯಿಗಳನ್ನು ಕೊಲ್ಲುವ ಬದಲು ಊರಾಚೆ ಸಾಗಿಸಿ ಎಂಬುದು ಪಾರ್ಸಿ ಮುಖಂಡರ ಬೇಡಿಕೆ. ಎರಡು ವರ್ಷಗಳ ಮೇಲೆ, 1834ರಲ್ಲಿ, ಜಮ್ಷೇಟ್‌ಜಿ ಜೀಜೀಭಾಯಿ ಮುಂದಾಗಿ ಮುಂಬಯಿಯಲ್ಲಿ ಪಿಂಜರಾಪೋಲ್ ಸ್ಥಾಪನೆಯಾಯಿತು, ದಿಕ್ಕಿಲ್ಲದ ಪ್ರಾಣಿಗಳಿಗೆ ಆಶ್ರಯವಾಯಿತು. ಕೊಲ್ಲಿ ಎಂಬ ಕಡೆಯವರೂ ಸಾಗಿಸಿ ಎಂಬ ಕಡೆಯವರೂ ನಾಯಿಯನ್ನೇ ನೋಡಿದರು. ನಾಯಿ ಮೂತಿಯಿಟ್ಟಿದ್ದ ಕಸದ ಗುಂಡಿಯನ್ನು ಆ ಜಗಳದಲ್ಲಿ ಯಾರೂ ನೋಡಿದಂತಿಲ್ಲ.

ಸಾಗಿಸುವುದು ಎಷ್ಟು ಘೋರವಾಗಬಹುದು ಎಂಬುದಕ್ಕೆ ಟರ್ಕಿಯ ಇಸ್ತಾಂಬುಲ್ ಸಾಕ್ಷಿ. ಅಲ್ಲಿ 1910ರಲ್ಲಿ ಹತ್ತಾರು ಸಾವಿರ ಬೀದಿನಾಯಿಗಳನ್ನು ದೋಣಿಗಳಲ್ಲಿ ತುಂಬಿ, ಅನ್ನ ನೀರು ಇಲ್ಲದ ಬರಡು ದ್ವೀಪವೊಂದರಲ್ಲಿ ಬಿಟ್ಟುಬಂದರು. ಅವು ಹಸಿವಿನಿಂದ ಸತ್ತವು. ಇಷ್ಟಾಗಿಯೂ ನಾಯಿಗಳ ಸಮಸ್ಯೆ ಮುಗಿಯಲಿಲ್ಲ, 2024ರಲ್ಲಿ ಅದೇ ದೇಶ ಬೀದಿನಾಯಿಗಳನ್ನು ಹಿಡಿಯಲು ಮತ್ತೆ ಕಾನೂನು ಮಾಡಬೇಕಾಯಿತು.

ಪಾರ್ಸಿಗಳ ಮಾತು ಬಂತಲ್ಲ, ಅವರಿಗೆ ಬೇಕಾದ ಇನ್ನೊಂದು ಜೀವಿ ರಣಹದ್ದು. ಅವರ ಶವಗಳನ್ನು ಮೌನಗೋಪುರದಲ್ಲಿ ಹದ್ದುಗಳಿಗೆ ಒಪ್ಪಿಸುವುದು ಪದ್ಧತಿ. 1990ರ ದಶಕದಲ್ಲಿ ಆ ಹದ್ದುಗಳು ದೇಶದಾದ್ಯಂತ ಕಾಣೆಯಾಗುತ್ತ ಬಂದವು, ಮುಂಬಯಿಯ ಮೌನಗೋಪುರದಲ್ಲಿ ಸೂರ್ಯನ ಶಾಖ ಹಾಯಿಸುವ ಫಲಕಗಳನ್ನು ಇಡಬೇಕಾಯಿತು. ಕಾರಣ ಗೊತ್ತಾದದ್ದು ಈಚೆಗೆ. ದನಗಳ ನೋವು, ಬಾವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನೇ ಕೆಡಿಸುತ್ತದೆ ಎಂದು 2004ರಲ್ಲಿ ಪ್ರಕಟವಾಯಿತು. ದನಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಅಷ್ಟರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹದ್ದುಗಳು ಹೋಗಿಬಿಟ್ಟಿದ್ದವು. ನಮ್ಮ ಕರ್ನಾಟಕದಲ್ಲಿ 'ಶೋಲೆ' ಚಿತ್ರ ತೆಗೆದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿ, ಉಳಿದ ಕೆಲವನ್ನು ಕಾಯಬೇಕಾಯಿತು.

ಹದ್ದು ಹೋದರೆ ನಾಯಿಗೇನು? ಹದ್ದಿನ ಎಲೆ ನಾಯಿಗೆ ಬಿತ್ತು! ಊರಾಚೆ ಎಸೆದ ದನದ ಕಳೇಬರಗಳು ನಾಯಿಗಳ ಪಾಲಾದವು. 1992ರಿಂದೀಚೆಗೆ ಸುಮಾರು ಹತ್ತು ಹನ್ನೊಂದು ವರ್ಷಗಳಲ್ಲಿ ದೇಶದಲ್ಲಿ ಕನಿಷ್ಠ 55 ಲಕ್ಷ ನಾಯಿಗಳು ಹೆಚ್ಚಿರಬೇಕೆಂದೂ, 2006ರ ತನಕ ಅದರಿಂದಾಗಿ 47 ಸಾವಿರಕ್ಕೂ ಹೆಚ್ಚು ಜನ ರೇಬೀಸಿನಿಂದ ಸತ್ತಿರಬೇಕೆಂದೂ 2008ರಲ್ಲಿ ಸಂಶೋಧಕರು ಅಂದಾಜು ಮಾಡಿದರು. ದನದ ಕಾಲುನೋವಿನ ಮದ್ದು ಎಲ್ಲೋ ಒಂದು ಮಗುವಿನ ಪ್ರಾಣಕ್ಕೆ ಬಂತು. ಚರಿತ್ರೆಯಲ್ಲಿ ಕಾರಣ, ಪರಿಣಾಮ ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ. ಎಮ್ಮೆ ಹೋಯಿತು, ತಿಪ್ಪೆ ಹೋಯಿತು, ಹಿತ್ತಲೇ ಹೋಯಿತು. ಫ್ರಿಜ್ಜು ಬಂತು, ಎರಡು ದಿನದ ಮೇಲೆ ಎಸೆಯುವ ಅಭ್ಯಾಸವೂ ಬಂತು. ಸಾರು, ಪಲ್ಯ, ಅನ್ನ, ಕೋಳಿಮೂಳೆ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ತುಂಬಿ, ಗಂಟು ಬಿಗಿದು, ಬೀದಿಯ ಮೂಲೆಗೆ ಎಸೆಯುತ್ತೇವೆ. ಆ ಗಂಟು ಬಿಚ್ಚುವವರು ಯಾರು? ದನ ಕವರಿನ ಸಮೇತ ನುಂಗುತ್ತದೆ, ನಾಯಿ ಹರಿದು ಹರಡುತ್ತದೆ. ಕಲ್ಯಾಣ ಮಂಟಪದ ಹಿಂಭಾಗ, ಕೋಳಿ ಅಂಗಡಿಯ ಪಕ್ಕ, ಬೇಕರಿಯ ಮುಂದೆ, ರಾತ್ರಿಯ ಗೋಬಿ ಗಾಡಿಯ ಬಳಿ ನಿಂತು ಎಣಿಸಿ ನೋಡಿ. ನಾಯಿಗಳು ಎಲ್ಲಿವೆ ಎಂದು ಕೇಳಬೇಕಾಗಿಲ್ಲ, ನಮ್ಮ ಎಂಜಲು ಎಲ್ಲಿದೆ ಎಂದು ಕೇಳಿದರೆ ಸಾಕು.

ಬೆಂಗಳೂರಿನಲ್ಲಿ 2023ರಲ್ಲಿ ನಡೆದ ಗಣತಿಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳು ಸಿಕ್ಕವು. 2025ರಲ್ಲಿ ಅಲ್ಲಿನ ಮಹಾನಗರ ಪಾಲಿಕೆ ಸುಮಾರು 5,000 ನಾಯಿಗಳಿಗೆ ದಿನವೂ ಕೋಳಿ ಅನ್ನ ಹಾಕುವ, 2.88 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದಾಗ ಪರ ವಿರೋಧ ಎಷ್ಟೊಂದು ಮಾತು! ನಮ್ಮ ಸ್ಟಾಫ್ ರೂಮಿನಲ್ಲೂ ಒಂದು ವಾರ ಅದೇ ಚರ್ಚೆ. ನನಗೆ ಅನಿಸಿದ್ದಿಷ್ಟೆ. ಉಳಿದ ಎರಡೂ ಮುಕ್ಕಾಲು ಲಕ್ಷ ನಾಯಿಗಳ ಊಟ ಯಾವ ಟೆಂಡರೂ ಇಲ್ಲದೆ ಮೊದಲಿನಿಂದ ನಡೆದೇ ಇದೆಯಲ್ಲ! ಅದನ್ನು ಬಡಿಸುತ್ತಿರುವವರು ನಾವೇ.

ಒಂದು ಪ್ರದೇಶದಲ್ಲಿ ಎಷ್ಟು ನಾಯಿ ಇರುತ್ತವೆ ಎಂಬುದನ್ನು ಅಲ್ಲಿ ಸಿಗುವ ಆಹಾರ, ನೀರು, ಆಸರೆ ತೀರ್ಮಾನಿಸುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 1990ರಷ್ಟು ಹಿಂದೆಯೇ ತನ್ನ ಮಾರ್ಗಸೂಚಿಯಲ್ಲಿ ಹೇಳಿತ್ತು. ಹತ್ತು ನಾಯಿ ಕೊಂದರೆ, ಅನ್ನ ಅಲ್ಲಿಯೇ ಇದ್ದರೆ, ಹತ್ತು ಹೊಸವು ಬರುತ್ತವೆ. ನಮ್ಮ ದೇಶದಲ್ಲಿ 2001ರ ನಿಯಮಗಳು ಕೊಲ್ಲುವುದನ್ನು ಬಿಟ್ಟು ಸಂತಾನಹರಣದ ದಾರಿ ಹಿಡಿದವು. ಅದು ಒಳ್ಳೆಯದೇ, ಆದರೆ ಊಟದ ಮೂಲವನ್ನು ಹಾಗೆಯೇ ಬಿಟ್ಟು ಆಪರೇಷನ್ ಒಂದನ್ನೇ ನಂಬಿದರೆ ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸೇರಿಸಿ ಎಂದಿತು. 22ರಂದು ಅದನ್ನು ಮಾರ್ಪಡಿಸಿ, ರೇಬೀಸ್ ಇಲ್ಲದ, ಜನರ ಮೇಲೆರಗದ ನಾಯಿಗಳಿಗೆ ಆಪರೇಷನ್ ಮಾಡಿ, ಲಸಿಕೆ ಹಾಕಿ, ಇದ್ದಲ್ಲಿಯೇ ಬಿಡಿ, ಆದರೆ ಊಟ ಹಾಕುವುದು ವಾರ್ಡಿನಲ್ಲಿ ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ದೂರವಿಡಿ ಎಂದು ಆದೇಶವಾಯಿತು. 1832ರ ಅದೇ ಪ್ರಶ್ನೆ, 193 ವರ್ಷಗಳ ಮೇಲೆ! ಒಂದು ವ್ಯತ್ಯಾಸವೆಂದರೆ, ಈ ಸಲ ಊಟದ ಜಾಗದ ಮಾತೂ ಆದೇಶದಲ್ಲಿ ಬಂತು.

ಶಾಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಅಕ್ಷರ ದಾಸೋಹದಿಂದ ಮಕ್ಕಳಿಗೆ ಆದ ಉಪಕಾರ ಕಣ್ಣಾರೆ ಕಂಡವಳು ನಾನು. ಆದರೆ ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಮಿಕ್ಕ ಅನ್ನ, ಸಾಂಬಾರು ಕಾಂಪೌಂಡಿನ ಹಿಂದೆ ಸುರಿಯುತ್ತಿದ್ದರು. ಊಟದ ಗಂಟೆಗೆ ಸರಿಯಾಗಿ ಏಳೆಂಟು ನಾಯಿಗಳು ಹಾಜರು. 'ಟೀಚರ್, ಅವಕ್ಕೆ ಗಂಟೆ ಹೊಡೆದದ್ದು ಹೇಗೆ ಗೊತ್ತಾಗುತ್ತೆ?' ಎಂದು ಮಕ್ಕಳು ಕೇಳಿ ನಗುತ್ತಿದ್ದವು. ಒಂದು ದಿನ ತಟ್ಟೆ ತೊಳೆಯಲು ನಲ್ಲಿಗೆ ಹೋದ ಮೂರನೇ ತರಗತಿಯ ಹುಡುಗಿಯ ಕಾಲಿಗೆ ಒಂದು ನಾಯಿ ಬಾಯಿ ಹಾಕಿತು. ತಕ್ಷಣ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಸಿ ಆಸ್ಪತ್ರೆಗೆ ಕರೆದೊಯ್ದೆವು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನಿನ ಕಾಲ ಈಗಿಲ್ಲ, ತೋಳಿಗೆ ಕೆಲವು ಸಲ ಕೊಟ್ಟರಾಯಿತು. ಮಗು ಉಳಿಯಿತು. ರೋಗದ ಲಕ್ಷಣ ಕಾಣಿಸಿದ ಮೇಲೆ ರೇಬೀಸಿನಿಂದ ಉಳಿಯುವವರು ಇಲ್ಲವೆಂದೇ ಹೇಳಬೇಕು, ಆದ್ದರಿಂದ ಒಂದು ಡೋಸನ್ನೂ ತಪ್ಪಿಸಬಾರದು. ಆ ಹುಡುಗಿ ಮಾತ್ರ ವರ್ಷ ಮುಗಿಯುವ ತನಕ ಒಬ್ಬಳೇ ನಲ್ಲಿಯ ಕಡೆ ಹೋಗಲಿಲ್ಲ.

ದೂರು ಕೊಟ್ಟೆವು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ, ಹಾಗಾಯಿತು. ಕೊನೆಗೆ ಅಡುಗೆಯವರು, ಪೋಷಕರು, ನಾವು ಕುಳಿತು ಮಾತಾಡಿಕೊಂಡೆವು. ಮಿಕ್ಕದ್ದಕ್ಕೆ ಮುಚ್ಚಳದ ಡ್ರಮ್ಮು ತಂದೆವು, ಹತ್ತಿರದ ಹಸು ಸಾಕಿದವರೊಬ್ಬರು ಸಂಜೆಯೊಳಗೆ ಒಯ್ಯಲು ಒಪ್ಪಿದರು. ಎರಡು ಮೂರು ತಿಂಗಳಲ್ಲಿ ನಾಯಿಗಳು ಎರಡಕ್ಕೆ ಇಳಿದವು. ಆ ಎರಡನ್ನು ಅಡುಗೆಯಾಕೆ ಗೇಟಿನಾಚೆ ದಿನವೂ ಉಣಿಸಿ ಪಳಗಿಸಿದ್ದರಿಂದಲೇ ಹಿಡಿದು ಲಸಿಕೆ ಹಾಕಿಸುವುದು ಸುಲಭವಾಯಿತು.

ಆದ್ದರಿಂದ ಅನ್ನ ಹಾಕುವವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಪಾಲು ಬೇರೆ, ಎಸೆತ ಬೇರೆ. ಪಾಲಿಗೆ ಅಳತೆಯಿದೆ, ಹೊತ್ತಿದೆ, ಕೊಟ್ಟವರ ಹೊಣೆಯಿದೆ. ಎಸೆತಕ್ಕೆ ಇವು ಯಾವುವೂ ಇಲ್ಲ. ಒಂದು ನಾಯಿಗೆ ದಿನವೂ ತುತ್ತು ಹಾಕುವವರು ಅದರ ಆಪರೇಷನ್ನು, ಲಸಿಕೆಯ ಹೊಣೆಯನ್ನೂ ಹೊರಬೇಕು. ಯಾವ ನಾಯಿಗೂ ಹಾಕೆವು ಎನ್ನುವವರು ತಮ್ಮ ಮನೆಯ ಕವರು ರಾತ್ರಿ ಎಲ್ಲಿ ಬೀಳುತ್ತದೆ ಎಂದು ನೋಡಿಕೊಳ್ಳಬೇಕು. ಹಸಿಕಸ ಒಣಕಸ ಬೇರ್ಪಡಿಸಿ ಗಾಡಿಗೇ ಕೊಡುವುದು, ಅಳತೆ ನೋಡಿ ಅಕ್ಕಿ ಹಾಕುವುದು ದೊಡ್ಡ ಕೆಲಸವೇನಲ್ಲ. ಮದುವೆಯ ಮನೆಯಲ್ಲಿ ಮಿಕ್ಕದ್ದು ಎಲ್ಲಿಗೆ ಹೋಗುತ್ತದೆ ಎಂದು ಬಾಯಿಬಿಟ್ಟು ಕೇಳಲೂ ನಾವು ಹಿಂಜರಿಯಬೇಕಾಗಿಲ್ಲ. ಕೋರ್ಟಿನ ಆದೇಶ ನಗರಸಭೆಗೆ ತಲುಪಿ, ಅಲ್ಲಿಂದ ನಮ್ಮ ಬೀದಿಗೆ ಬರುವ ಹೊತ್ತಿಗೆ ಎಷ್ಟು ದಿನವಾಗುತ್ತದೋ! ನಮ್ಮ ಅಡುಗೆಮನೆಯ ಆದೇಶ ಮಾತ್ರ ನಮ್ಮ ಕೈಯಲ್ಲಿಯೇ ಇದೆ.