ತಾನಾಗಿ ಬಂದ ಕೊಲೆಗಾರ: ‘ಎನ್‌ಸಿಐಎಸ್’ನ ‘ಕಾಲ್ ಆಫ್ ಸೈಲೆನ್ಸ್’

‘ಕಾಲ್ ಆಫ್ ಸೈಲೆನ್ಸ್’ ಅಮೆರಿಕದ ಸಿಬಿಎಸ್ ವಾಹಿನಿಯ ಅಪರಾಧ ಧಾರಾವಾಹಿ ‘ಎನ್‌ಸಿಐಎಸ್’ನ ಎರಡನೇ ಸೀಸನ್ನಿನ ಏಳನೇ ಕಂತು. 2004ರ ನವೆಂಬರ್ 23ರಂದು ಪ್ರಸಾರವಾಯಿತು. ಪತ್ತೇದಾರಿ ಧಾರಾವಾಹಿಗಳಲ್ಲಿ ಪೊಲೀಸರು ಕೊಲೆಗಾರನ ಬೆನ್ನು ಹತ್ತುವುದು ವಾಡಿಕೆ. ಇಲ್ಲಿ ಆರೋಪಿಯೇ ಕಚೇರಿಯ ಮೆಟ್ಟಿಲೇರಿ ತನ್ನನ್ನು ಬಂಧಿಸಿ ಎನ್ನುತ್ತಾನೆ, ತನಿಖಾಧಿಕಾರಿ ಅವನನ್ನು ಪಾರುಮಾಡಲು ಹೆಣಗುತ್ತಾನೆ.

ಕಥೆ

ಅರ್ನಿ ಯೋಸ್ಟ್ ಎರಡನೇ ಮಹಾಯುದ್ಧದಲ್ಲಿ ಮರೀನ್ ಪಡೆಯ ಕಾರ್ಪೊರಲ್ ಆಗಿದ್ದವನು, ಈಗ ಹಣ್ಣು ಮುದುಕ. 1945ರಲ್ಲಿ ಐವೊ ಜಿಮಾ ದ್ವೀಪದ ಕಾಳಗದಲ್ಲಿ ತನ್ನ ಜೀವದ ಗೆಳೆಯ ವೇಡ್‌ನನ್ನು ತಾನೇ ಕೊಂದೆ ಎಂಬುದು ಅವನ ತಪ್ಪೊಪ್ಪಿಗೆ. ನೌಕಾಪಡೆಯ ವಕೀಲೆ ಕೋಲ್ಮನ್ ಕಾನೂನು ಕಾನೂನೇ ಎಂದು ಪಟ್ಟು ಹಿಡಿಯುತ್ತಾಳೆ. ಸ್ವತಃ ಮಾಜಿ ಮರೀನ್ ಆದ ತನಿಖಾಧಿಕಾರಿ ಗಿಬ್ಸ್ (ಮಾರ್ಕ್ ಹಾರ್ಮನ್) ಮಾತ್ರ ಈ ತಪ್ಪೊಪ್ಪಿಗೆಯನ್ನು ನಂಬುವುದಿಲ್ಲ. ಯೋಸ್ಟ್‌ನ ಕೊರಳಲ್ಲಿರುವುದು ಅಮೆರಿಕದ ಅತ್ಯುನ್ನತ ಶೌರ್ಯ ಪದಕ ‘ಮೆಡಲ್ ಆಫ್ ಆನರ್’. ಅದು ಕಣ್ಣಿಗೆ ಬಿದ್ದ ಕ್ಷಣ, ಕರೆದೊಯ್ಯಲು ಬಂದವರೇ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುತ್ತಾರೆ. ಇದು ಚಿತ್ರಕಥೆಗಾರರ ಉತ್ಪ್ರೇಕ್ಷೆಯಲ್ಲ. ಆ ಪದಕ ಧರಿಸಿದವರಿಗೆ ದರ್ಜೆ ನೋಡದೆ ಸೆಲ್ಯೂಟ್ ಸಲ್ಲಿಸುವುದು ಅಲ್ಲಿನ ಸೇನೆಯ ಸಂಪ್ರದಾಯ.

ಕೊನೆಗೆ ಗಿಬ್ಸ್ ಅಜ್ಜನಿಗೆ ಆ ದಿನದ ಕಾಳಗವನ್ನು ಮತ್ತೆ ಅನುಭವಿಸುವಂತೆ ಮಾಡುತ್ತಾನೆ. ಮರೆವಿನಲ್ಲಿ ಹೂತುಹೋಗಿದ್ದದ್ದು ಆಗ ಹೊರಬರುತ್ತದೆ: ಗಾಯಗೊಂಡ ವೇಡ್ ನೋವಿನಿಂದ ಚೀರುತ್ತಿದ್ದ, ಸುತ್ತ ಶತ್ರುಗಳಿದ್ದರು, ದನಿ ಅಡಗಿಸಲು ಹೊಡೆದ ಹೊಡೆತ ಪ್ರಾಣಕ್ಕೇ ಎರವಾಯಿತು. ಕೊಲ್ಲುವ ಉದ್ದೇಶ ಅವನಿಗಿರಲಿಲ್ಲ.

ಐವೊ ಜಿಮಾ

ಕಥೆ ಕಲ್ಪಿತ, ರಣರಂಗ ನಿಜ. 1945ರ ಫೆಬ್ರುವರಿ 19ರಂದು ಮರೀನರು ಇಳಿದ ದಂಡೆಯಲ್ಲಿದ್ದದ್ದು ಜ್ವಾಲಾಮುಖಿಯ ಕಪ್ಪು ಮರಳು. ಕಾಲಿಟ್ಟರೆ ಹೂತುಹೋಗುತ್ತಿತ್ತು, ಹೊಂಡ ತೋಡಿದರೆ ಅಂಚು ಕುಸಿಯುತ್ತಿತ್ತು. ಜಪಾನಿ ಸೇನಾಧಿಪತಿ ಕುರಿಬಯಾಶಿ ತನ್ನ ಪಡೆಯನ್ನು ಸುರಂಗಗಳಲ್ಲಿ ಅಡಗಿಸಿಟ್ಟಿದ್ದ. ಹಗಲು ಗೆದ್ದ ಜಾಗದಲ್ಲಿ ರಾತ್ರಿ ಬೆನ್ನ ಹಿಂದಿನಿಂದಲೇ ಶತ್ರು ಎದ್ದು ಬರುವುದಿತ್ತು. ಅಂಥ ಕಡೆ ಒಂದು ಚೀರಾಟ ಇಡೀ ತುಕಡಿಗೆ ಮುಳುವಾಗಬಹುದು. ಕಥೆಯ ತಿರುವು ನಂಬುವಂತಿರುವುದು ಈ ಕಾರಣಕ್ಕೆ. ಮಾರ್ಚ್ 26ರವರೆಗೆ ನಡೆದ ಕಾಳಗದಲ್ಲಿ ಅಮೆರಿಕದ ಸುಮಾರು 6,800 ಮಂದಿ ಸತ್ತರು. 27 ಮಂದಿಗೆ ಮೆಡಲ್ ಆಫ್ ಆನರ್ ಸಂದಿತು.

ಯೋಸ್ಟ್ ಆಗಿದ್ದ ನಟ

ಚಾರ್ಲ್ಸ್ ಡರ್ನಿಂಗ್ ‘ದ ಸ್ಟಿಂಗ್’, ‘ಟೂಟ್ಸಿ’ಗಳಂಥ ಚಿತ್ರಗಳಲ್ಲಿ ಹೆಸರಾದ ಪೋಷಕ ನಟ. ಎರಡನೇ ಮಹಾಯುದ್ಧದಲ್ಲಿ ಯುರೋಪಿನಲ್ಲಿ ಕಾದಾಡಿ ಗಾಯಗೊಂಡು ಬಂದವರು. ಸಿಲ್ವರ್ ಸ್ಟಾರ್ ಶೌರ್ಯ ಪದಕ ಪಡೆದಿದ್ದರು. ಕಾಳಗದ ನೆನಪು ಮರುಕಳಿಸುವ ದೃಶ್ಯದಲ್ಲಿ ಅವರ ಮುಖ ನೋಡಿದರೆ ಇದು ಬರೀ ಅಭಿನಯ ಎನ್ನಲು ಮನಸ್ಸು ಬಾರದು. ಈ ಪಾತ್ರಕ್ಕೆ 2005ರಲ್ಲಿ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು. 2012ರಲ್ಲಿ ತೀರಿಕೊಂಡರು.

ನಿಜವಾದ ಎನ್‌ಸಿಐಎಸ್

ಈ ಹೆಸರಿನ ತನಿಖಾ ಸಂಸ್ಥೆ ನಿಜಕ್ಕೂ ಇದೆ. ನೌಕಾಪಡೆ ಮತ್ತು ಮರೀನ್ ಪಡೆಗೆ ಸಂಬಂಧಿಸಿದ ಗಂಭೀರ ಅಪರಾಧಗಳ ತನಿಖೆ ಅದರ ಹೊಣೆ. ಅಧಿಕಾರಿಗಳಲ್ಲಿ ಹೆಚ್ಚಿನವರು ಸಮವಸ್ತ್ರವಿಲ್ಲದ ನಾಗರಿಕರು. ಪತ್ತೆಯಾಗದೆ ಮೂಲೆಗೆ ಬಿದ್ದ ಕೊಲೆ ಕೇಸುಗಳಿಗೆಂದೇ ಅದು 1995ರಲ್ಲಿ ಪ್ರತ್ಯೇಕ ತಂಡ ಕಟ್ಟಿತು. ಸೇನೆಯ ಹಳೆಯ ಕೇಸುಗಳಿಗೆ ವಿಶೇಷ ತೊಡಕೊಂದಿದೆ: ವರ್ಗಾವಣೆ. ಸಾಕ್ಷಿ, ಶಂಕಿತ, ಮೊದಲು ತನಿಖೆ ಮಾಡಿದವನು ಕೆಲವೇ ವರ್ಷಗಳಲ್ಲಿ ದಿಕ್ಕಿಗೊಬ್ಬರಾಗಿರುತ್ತಾರೆ.

ಮೂಳೆ ಹೇಳುವ ಸಾಕ್ಷಿ

ತಪ್ಪೊಪ್ಪಿಗೆಯೊಂದೇ ಅಮೆರಿಕದ ನ್ಯಾಯಾಲಯಕ್ಕೆ ಸಾಲದು, ಅದನ್ನು ಬಲಪಡಿಸುವ ಬೇರೆ ಪುರಾವೆಯೂ ಬೇಕು. ಅಷ್ಟು ಹಳೆಯ ಸಾವಿನಲ್ಲಿ ಉಳಿಯುವುದು ಮೂಳೆ. ಜೀವಂತ ಮೂಳೆಯಲ್ಲಿ ತೇವ, ಕೊಲಾಜನ್ ಇರುವುದರಿಂದ ಅದು ಮುರಿದಾಗ ಅಂಚು ನಯವಾಗಿರುತ್ತದೆ, ಪೆಟ್ಟು ಬಿದ್ದಲ್ಲಿಂದ ಬಿರುಕುಗಳು ಸುತ್ತಲೂ ಹರಡುತ್ತವೆ. ಮಣ್ಣಿನಲ್ಲಿ ಒಣಗಿದ ಮೇಲೆ ಮುರಿದದ್ದು ಒರಟು ಒರಟಾಗಿ, ಅಂಚಿನ ಬಣ್ಣವೂ ಬೇರೆಯಾಗಿ ಕಾಣುತ್ತದೆ. ಕೂಡಿಕೊಳ್ಳುವ ಗುರುತಿಲ್ಲದಿದ್ದರೆ ಪೆಟ್ಟು ಬಿದ್ದದ್ದು ಸಾವಿನ ಹೊತ್ತಿಗೇ ಎಂದರ್ಥ. ಹೊಡೆದವನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಮಾತ್ರ ಮೂಳೆ ಹೇಳದು. ಈ ಕಂತಿನಲ್ಲಿ ಇಡೀ ಕೇಸು ನಿಂತಿರುವುದು ಆ ಉದ್ದೇಶದ ಮೇಲೆಯೇ.

ಕಾನೂನಿನ ಗಂಟು

ನನ್ನ ಮಟ್ಟಿಗೆ ಕಂತಿನ ದುರ್ಬಲ ಜಾಗ ಇದು. ಅಮೆರಿಕದ ಸೇನಾ ಕಾನೂನಿನಲ್ಲಿ ಕೊಲೆಗೆ ಕಾಲಮಿತಿಯಿಲ್ಲ, ಸರಿ. ಆದರೆ ಯೋಸ್ಟ್‌ನನ್ನು ನಿಲ್ಲಿಸುವುದು ಯಾವ ಕಟಕಟೆಯಲ್ಲಿ? 1955ರ ‘ಟೋತ್ ವಿರುದ್ಧ ಕ್ವಾರ್ಲ್ಸ್’ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿಬಿಟ್ಟಿದೆ. ವಾಯುಪಡೆಯಿಂದ ಬಿಡುಗಡೆಯಾಗಿ ಕಾರ್ಖಾನೆ ಕೆಲಸಕ್ಕೆ ಸೇರಿದ್ದ ಟೋತ್‌ನನ್ನು ಕೊರಿಯಾದಲ್ಲಿ ನಡೆದ ಕೊಲೆಯ ಆರೋಪದ ಮೇಲೆ ಬಂಧಿಸಿ ವಿಚಾರಣೆಗೆಂದು ಅಲ್ಲಿಗೇ ಒಯ್ದಿದ್ದರು. ಸೇನೆಯ ನಂಟು ಪೂರ್ತಿ ಕಳಚಿದವನು ನಾಗರಿಕ, ಅವನ ಮೇಲೆ ಕೋರ್ಟ್ ಮಾರ್ಷಲ್ ನಡೆಸುವಂತಿಲ್ಲ ಎಂದಿತು ನ್ಯಾಯಾಲಯ. ಯುದ್ಧ ಮುಗಿದೊಡನೆ ಮನೆಗೆ ಮರಳಿದ ಕಾರ್ಪೊರಲ್‌ನ ಕಥೆಯೂ ಅದೇ. ಕೋಲ್ಮನ್ ಇಷ್ಟು ಓದಿಕೊಂಡು ಬಂದಿದ್ದರೆ ಕಂತು ಅರ್ಧಕ್ಕೇ ಮುಗಿಯುತ್ತಿತ್ತು!

ಪೂರ್ಣಾವಧಿ ಸೇವೆ ಮುಗಿಸಿ ನಿವೃತ್ತಿ ವೇತನ ಪಡೆಯುವವರ ಪಾಡು ಬೇರೆ. 1985ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಒಬ್ಬ ತಾಯಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಆರೋಪ ಹೊತ್ತ ಭೂಸೇನೆಯ ಸಾರ್ಜೆಂಟ್ ಮೊದಲು ಮರಣದಂಡನೆಗೆ ಗುರಿಯಾಗಿ, ಮರುವಿಚಾರಣೆಯಲ್ಲಿ 1989ರಲ್ಲಿ ಖುಲಾಸೆಯಾಗಿ, ಸೇನೆಗೆ ಮರಳಿ, 2004ರಲ್ಲಿ ನಿವೃತ್ತನಾದ. ಎರಡು ವರ್ಷಗಳ ಬಳಿಕ ಡಿಎನ್‌ಎ ಪರೀಕ್ಷೆ ಅವನತ್ತಲೇ ಬೆರಳು ಮಾಡಿತು. ರಾಜ್ಯದ ನ್ಯಾಯಾಲಯ ಖುಲಾಸೆ ಮಾಡಿದವನನ್ನು ಅದೇ ಆರೋಪದ ಮೇಲೆ ಅಲ್ಲಿ ಮತ್ತೆ ವಿಚಾರಿಸುವಂತಿಲ್ಲ. ಸೇನೆ ಅವನನ್ನು ಕರ್ತವ್ಯಕ್ಕೆ ವಾಪಸ್ ಕರೆಸಿಕೊಂಡು ಕೋರ್ಟ್ ಮಾರ್ಷಲ್ ನಡೆಸಿತು. 2010ರಲ್ಲಿ ಮತ್ತೆ ಮರಣದಂಡನೆ.

ನಮ್ಮಲ್ಲಾದರೆ 1950ರ ಸೇನಾ ಕಾಯ್ದೆಯ 122ನೇ ಕಲಮು ಕೋರ್ಟ್ ಮಾರ್ಷಲ್‌ಗೆ ಮೂರು ವರ್ಷಗಳ ಮಿತಿ ಹಾಕುತ್ತದೆ; ಪಲಾಯನ, ದಂಗೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅದರಾಚೆಗಿನ ಕೊಲೆ ಕೇಸು ಸಾಮಾನ್ಯ ನ್ಯಾಯಾಲಯಕ್ಕೆ ಬರಬೇಕು. ಅಲ್ಲಿ ಕೊಲೆಗೆ ಕಾಲಮಿತಿಯಿಲ್ಲ.