ವೈದ್ಯವಿದ್ಯೆಯ ಬೋಧಕರೂ ಅವರ ಚಿತ್ತಸ್ಥೈರ್ಯವೂ

1874ರಲ್ಲಿ ಮಾಂಟ್ರಿಯಾಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಆಸ್ಲರ್ ಎಂಬ 25 ವರ್ಷದ ತರುಣ ವೈದ್ಯರು ಅಧ್ಯಾಪಕರಾಗಿ ನಿಯುಕ್ತರಾದಾಗ, ಲಂಡನ್, ಬರ್ಲಿನ್, ವಿಯೆನ್ನಾಗಳಲ್ಲಿ ಆರ್ಜಿಸಿದ ವಿದ್ಯೆ ಅವರಲ್ಲಿ ಯಥೇಷ್ಟವಾಗಿದ್ದಿತಾದರೂ, ಆ ವಿದ್ಯೆಯನ್ನು ತರಗತಿಯ ಮುಂದೆ ನಿಂತು ನಿರೂಪಿಸುವ ಬಗೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಮೊದಲ ದಿನ ತಮ್ಮನ್ನು ಆವರಿಸಿದ ನಡುಕ ಸಂಕೋಚಗಳನ್ನೂ, ಉಪನ್ಯಾಸಗಳನ್ನು ಸಿದ್ಧಪಡಿಸಿ ಸಿದ್ಧಪಡಿಸಿ ಜನವರಿಯ ವೇಳೆಗೆ ಬಳಲಿಹೋದುದನ್ನೂ, ಆಗ ಅಂಚೆಯಲ್ಲಿ ಬಂದ ಹೊಸ ಜರ್ಮನ್ ಶರೀರಕ್ರಿಯಾಶಾಸ್ತ್ರ ಗ್ರಂಥವೊಂದನ್ನು ಅನುವಾದಿಸಿ ಹೇಳಿ ಉಳಿದ ಅವಧಿಯನ್ನು ದಾಟಿದುದನ್ನೂ, 25 ವರ್ಷಗಳ ತರುವಾಯ ಅದೇ ವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ರೋಗಿಯ ಹಾಸಿಗೆಯ ಪಕ್ಕವನ್ನೇ ಪಾಠಶಾಲೆಯನ್ನಾಗಿಸಿ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜಗದ್ವಿಖ್ಯಾತರಾದ ಆಚಾರ್ಯರ ಆರಂಭ ಇಂತಹುದು. ವಿಷಯವನ್ನು ಬಲ್ಲವನು ಬೋಧಿಸಲೂ ಬಲ್ಲನೆಂಬುದು ಆ ಕಾಲದ ವೈದ್ಯವಿದ್ಯಾಲಯಗಳ ಪ್ರಶ್ನಾತೀತ ನಂಬಿಕೆಯಾಗಿದ್ದಿತು.

ಚಿತ್ತಸ್ಥೈರ್ಯದ ವಿಷಯದಲ್ಲಿಯೂ ಹೀಗೆಯೇ. 1889ರ ಮೇ 1ರಂದು ಫಿಲಡೆಲ್ಫಿಯಾದ ನವವೈದ್ಯರಿಗೆ ಆಸ್ಲರ್ ಅವರು ಉಪದೇಶಿಸಿದುದು ಸಮಚಿತ್ತವನ್ನು. ರೋಮನ್ ಚಕ್ರವರ್ತಿ ಆಂಟೊನೈನಸ್ ಪಯಸ್ ಮರಣಶಯ್ಯೆಯಲ್ಲಿ ಬಿಟ್ಟುಹೋದ ಮಂತ್ರವೇ ಅದೆಂದು ಅವರು ಸ್ಮರಿಸಿದರು. ಆ ಉಪದೇಶದ ಪರೀಕ್ಷೆ 1917ರ ಆಗಸ್ಟ್‌ನಲ್ಲಿ ಬಂದಿತು. ಆಗ ಆಸ್ಲರ್ ಅವರು ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದರು; ಅವರ ಪುತ್ರ ರೆವೆರ್, ಇನ್ನೂ 21ರ ತರುಣ, ಫ್ಲಾಂಡರ್ಸ್‌ನ ರಣಭೂಮಿಯಲ್ಲಿ ಗಾಯಗೊಂಡು ಮಡಿದನು. ತಂದೆ ತಮ್ಮ ಕರ್ತವ್ಯಗಳನ್ನು ಬಿಡಲಿಲ್ಲ; ಆದರೆ ಹೃದಯ ಒಡೆದಿದ್ದಿತು, ಎರಡು ವರ್ಷ ಕಳೆದು 1919ರ ಡಿಸೆಂಬರಿನಲ್ಲಿ ಅವರೂ ತೀರಿಕೊಂಡರು. ಈ ಧೈರ್ಯ ವಂದನೀಯವಾದುದೇ. ಆದರೂ ಅದು ಒಬ್ಬ ಮಹಾಪುರುಷನ ಏಕಾಂತದ ಸಾಧನೆಯೇ ಹೊರತು ಸಾಮಾನ್ಯ ಅಧ್ಯಾಪಕನಿಗೆ ದೊರೆಯಬಲ್ಲ ಆಸರೆಯಲ್ಲ. ದೃಢಮನಸ್ಸು ಹುಟ್ಟಿನಿಂದಲೇ ಬರಬೇಕೆಂದು ಬಗೆದ ವಿದ್ಯಾಲಯಗಳು ಅದಿಲ್ಲದವರನ್ನು ಅವರ ಪಾಡಿಗೆ ಬಿಟ್ಟವು.

ಮಾರ್ಗ ಬದಲಾದುದು 1950ರ ದಶಕದ ಮಧ್ಯದಲ್ಲಿ, ನ್ಯೂಯಾರ್ಕ್ ಪ್ರಾಂತದ ಬಫೆಲೊ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿ ಜಾರ್ಜ್ ಮಿಲ್ಲರ್ ಎಂಬ ವೈದ್ಯರು, ವಿದ್ಯಾರ್ಥಿಕೇಂದ್ರಿತ ಚರ್ಚಾಕ್ರಮವನ್ನು ಪ್ರತಿಪಾದಿಸುತ್ತಿದ್ದ ಸಮಾಜಶಾಸ್ತ್ರಜ್ಞ ನಥಾನಿಯಲ್ ಕ್ಯಾಂಟರ್ ಅವರಿಂದ ಪ್ರೇರಿತರಾಗಿ, ಶಿಕ್ಷಣಶಾಸ್ತ್ರಜ್ಞ ಸ್ಟೀಫನ್ ಅಬ್ರಹಾಮ್ಸನ್ ಅವರೊಡಗೂಡಿ, ವೈದ್ಯಬೋಧಕರೂ ಶಿಕ್ಷಣತಜ್ಞರೂ ಸಮಾನಸ್ಕಂಧರಾಗಿ ಕಲಿಯುವ ಯೋಜನೆಯೊಂದನ್ನು ಆರಂಭಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ನುರಿತವರು ಬಾಲಕರಂತೆ ಕುಳಿತು, ವಿದ್ಯಾರ್ಥಿಗೆ ತಿಳಿಯದಿದ್ದರೆ ದೋಷ ಯಾರದೆಂದು ಕೇಳಿಕೊಳ್ಳುವುದು ಅದುವರೆಗೆ ಊಹಾತೀತವಾಗಿದ್ದಿತು. ಅಲ್ಲಿನ ಗುರಿ ಬೋಧನಕೌಶಲವೇ ಆಗಿದ್ದರೂ, ತನ್ನ ಅಳುಕನ್ನು ಸಹೋದ್ಯೋಗಿಗಳೆದುರಿಗೆ ತೆರೆದಿಟ್ಟವನ ಎದೆಭಾರ ಅಷ್ಟರಮಟ್ಟಿಗೆ ಇಳಿಯುತ್ತದೆಂದೂ, ಬಫೆಲೊ ನೀಡಿದ ದೊಡ್ಡ ವರ ಅದೇ ಎಂದೂ ನಾನು ತಿಳಿದಿದ್ದೇನೆ. ಮಿಲ್ಲರ್ 1959ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1961ರಲ್ಲಿ ವೈದ್ಯಶಾಲೆಯ ಬೋಧನೆ ಕಲಿಕೆಗಳ ಮೇಲಿನ ಅವರ ಗ್ರಂಥ ಹೊರಬಂದಿತು.

ಭಾರತದಲ್ಲಿಯೂ ಈ ಮಾರ್ಗ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರೇರಣೆಯಿಂದ 1970ರ ದಶಕದಲ್ಲಿ ಪುದುಚೇರಿಯ ಜಿಪ್ಮರ್ ಸಂಸ್ಥೆಯಲ್ಲಿ ರಾಷ್ಟ್ರೀಯ ಅಧ್ಯಾಪಕ ತರಬೇತಿ ಕೇಂದ್ರ ಸ್ಥಾಪಿತವಾಯಿತು. 1997ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಗಳು ಪ್ರತಿಯೊಂದು ಕಾಲೇಜಿಗೂ ವೈದ್ಯಶಿಕ್ಷಣ ಘಟಕವನ್ನು ವಿಧಿಸಿದವು. ಇಂದು ಬೆಂಗಳೂರಿನ ಸೇಂಟ್ ಜಾನ್ಸ್ ಮತ್ತು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯಗಳು ಕನ್ನಡನಾಡಿನಲ್ಲಿ ಅಧ್ಯಾಪಕರ ತರಬೇತಿ ಶಿಬಿರಗಳ ಕೇಂದ್ರಗಳಾಗಿವೆ. ಪಠ್ಯಕ್ರಮ, ಬೋಧನವಿಧಾನ, ಪರೀಕ್ಷೆಗಳ ವಿಚಾರವೇ ಈ ಶಿಬಿರಗಳಲ್ಲಿ ಪ್ರಧಾನ. ಬೆಳಗಿನ ಜಾವ ವಾರ್ಡಿನಲ್ಲಿ ರೋಗಿಯ ಸಾವನ್ನು ಕಂಡು, ಒಂಬತ್ತಕ್ಕೆ ತರಗತಿಯಲ್ಲಿ ನಿಲ್ಲಬೇಕಾದ ಅಧ್ಯಾಪಕನ ಮನಸ್ಸಿಗೆ ಅಲ್ಲಿ ಇನ್ನೂ ಹೆಚ್ಚಿನ ಎಡೆ ದೊರೆಯಬೇಕು. ಆದರೂ ಹಿರಿಯ ಪ್ರಾಧ್ಯಾಪಕರೂ ನಿನ್ನೆ ಮೊನ್ನೆ ಸೇರಿದ ಸಹಾಯಕರೂ ಒಂದೇ ಗುಂಪಿನಲ್ಲಿ ಬೆರೆತು ಚರ್ಚಿಸುವ ಪದ್ಧತಿ ಅಲ್ಲಿ ಉಂಟು. 1874ರ ಮಾಂಟ್ರಿಯಾಲಿನ ತರುಣನಿಗೆ ಅಂತಹ ಗುಂಪು ಇರಲಿಲ್ಲ.