ಪದ ಬದಲಾದರೆ ಹಾಡು ಬದಲಾಗುತ್ತದೆಯೆ? ಮಕ್ಕಳಿಗಾಗಿ ತಿದ್ದಿದ ಪಾಪ್ ಹಾಡುಗಳಲ್ಲಿ ವಾಚ್ಯ ಮತ್ತು ಧ್ವನಿ

ಅಮೆರಿಕದಲ್ಲಿ 2001ರ ಅಕ್ಟೋಬರಿನಲ್ಲಿ 'ಕಿಡ್ಸ್ ಬಾಪ್' ಎಂಬ ಆಲ್ಬಂ ಹೊರಬಂತು. ರೇಝರ್ ಆಂಡ್ ಟೈ ಸಂಸ್ಥೆಯ ಕ್ರೇಗ್ ಬಾಲ್ಸಮ್ ಮತ್ತು ಕ್ಲಿಫ್ ಚೆನ್‌ಫೆಲ್ಡ್ ರೂಪಿಸಿದ ಈ ಸರಣಿಯ ಸೂತ್ರ ಸರಳ. ಆ ಹೊತ್ತಿನ ಜನಪ್ರಿಯ ಪಾಪ್ ಹಾಡುಗಳನ್ನು ಆರಿಸುವುದು, ಕುಡಿತ, ಕಾಮ, ಹಿಂಸೆ, ಬೈಗುಳಗಳ ಸುಳಿವಿರುವ ಪದಗಳನ್ನು ತೆಗೆದು ಅದೇ ಮಾತ್ರೆಗೆ ಕೂರುವ ನಿರುಪದ್ರವಿ ಪದಗಳನ್ನು ಹಾಕುವುದು, ಮಕ್ಕಳ ಕಂಠ ಸೇರಿಸಿ ಮತ್ತೆ ಮುದ್ರಿಸುವುದು. ಮೊದಲ ಆಲ್ಬಂಗಳಲ್ಲಿ ಮುಖ್ಯ ಗಾಯಕರು ದೊಡ್ಡವರೇ. ಮಕ್ಕಳು ಪಲ್ಲವಿಗೆ ದನಿಗೂಡಿಸುತ್ತಿದ್ದರು. 2006ರಲ್ಲಿ ಒಂಬತ್ತನೆಯ ಆಲ್ಬಂ ಬಿಲ್‌ಬೋರ್ಡ್ 200 ಪಟ್ಟಿಯ ಎರಡನೆಯ ಸ್ಥಾನಕ್ಕೇರಿತು. ಇಷ್ಟು ಮನೆಗಳು ಒಪ್ಪಿಕೊಂಡ ಸೂತ್ರವನ್ನು ವ್ಯಾಪಾರದ ತಂತ್ರವೆಂದು ತಳ್ಳಿಹಾಕಲಾಗದು. ಆದರೆ ಅದರ ಅಡಿಯಲ್ಲಿರುವ ನಂಬಿಕೆಯೊಂದನ್ನು ಪರೀಕ್ಷಿಸಲೇಬೇಕು: ಹಾಡೊಂದು ಮಕ್ಕಳಿಗೆ ತಕ್ಕುದೋ ಅಲ್ಲವೋ ಎಂಬುದನ್ನು ಅದರ ಪದಗಳು ತೀರ್ಮಾನಿಸುತ್ತವೆ ಎಂಬ ನಂಬಿಕೆ. ಇದು ತಪ್ಪೆಂಬುದು ಈ ಲೇಖನದ ವಾದ.

ಈ ನಂಬಿಕೆಗೆ ಇತಿಹಾಸವಿದೆ. ಟಿಪ್ಪರ್ ಗೋರ್ ಎಂಬ ತಾಯಿ ತಮ್ಮ ಮಗಳಿಗೆಂದು ತಂದ ಪ್ರಿನ್ಸ್‌ನ 'ಪರ್ಪಲ್ ರೇನ್' ಆಲ್ಬಂನ ಒಂದು ಹಾಡಿನಿಂದ ಗಾಬರಿಗೊಂಡು, 1985ರಲ್ಲಿ ಇತರ ತಾಯಂದಿರೊಡನೆ ಪೋಷಕರ ಸಂಘಟನೆ ಕಟ್ಟಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ವಿಚಾರಣೆ ನಡೆದು, ಫ್ರಾಂಕ್ ಝಾಪಾ, ಜಾನ್ ಡೆನ್ವರ್, ಡೀ ಸ್ನೈಡರ್ ಸಂಗೀತಗಾರರ ಪರವಾಗಿ ಹೇಳಿಕೆ ಕೊಟ್ಟರು. ಈ ಒತ್ತಡದಿಂದ ಆಲ್ಬಂಗಳ ಮೇಲೆ ಬಂದ, ಪೋಷಕರಿಗೆ ಎಚ್ಚರಿಕೆ ಹೇಳುವ ಕಪ್ಪು-ಬಿಳುಪು ಚೀಟಿ 1990ರಲ್ಲಿ ಏಕರೂಪ ಪಡೆಯಿತು. ಆ ಚೀಟಿ ಇರುವ ಆಲ್ಬಂಗಳನ್ನು ವಾಲ್‌ಮಾರ್ಟ್ ಮಾರಲೊಲ್ಲದಾದಾಗ ಪದಗಳನ್ನು ಅಳಿಸಿದ ಬೇರೆ ಪ್ರತಿಗಳು ಅಂಗಡಿಗೆ ಬಂದವು. ಹಾಡುಗಳ ವಸ್ತುವಿನ ಬಗೆಗೆ ಹುಟ್ಟಿದ ಆತಂಕ ಹೀಗೆ ಅಳಿಸಬಹುದಾದ ಪದಗಳ ಲೆಕ್ಕಕ್ಕೆ ಇಳಿಯಿತು. ಕಿಡ್ಸ್ ಬಾಪ್ ಈ ಲೆಕ್ಕವನ್ನೇ ಮುಂದುವರಿಸಿತು. ಖಾಲಿ ಬಿಟ್ಟ ಜಾಗವನ್ನು ತುಂಬಿತು, ಅಷ್ಟೆ.

ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನ 115ನೆಯ ವಿಧಿ ಇಲ್ಲಿ ಅನಿರೀಕ್ಷಿತವಾಗಿ ನೆರವಿಗೆ ಬರುತ್ತದೆ. ಒಮ್ಮೆ ಬಿಡುಗಡೆಯಾದ ಹಾಡನ್ನು ನಿಗದಿತ ಶುಲ್ಕ ತೆತ್ತು ಯಾರು ಬೇಕಾದರೂ ಮತ್ತೆ ಹಾಡಿ ಮುದ್ರಿಸಬಹುದು, ತಮ್ಮ ಶೈಲಿಗೆ ಹೊಂದಿಸಿಕೊಳ್ಳಬಹುದು. ಆದರೆ ಮೂಲ ಧಾಟಿಯನ್ನಾಗಲಿ ಕೃತಿಯ ಮೂಲಭೂತ ಸ್ವರೂಪವನ್ನಾಗಲಿ ಬದಲಿಸುವಂತಿಲ್ಲ. ಈ ಷರತ್ತನ್ನೇ ವಿಮರ್ಶೆಯ ಪ್ರಶ್ನೆಯಾಗಿ ತಿರುಗಿಸಿ ನೋಡೋಣ. ಪದ ಬದಲಿಸಿದ ಮೇಲೂ ಹಾಡಿನ ಸ್ವರೂಪ ಹಾಗೇ ಉಳಿದಿದ್ದರೆ, ಪೋಷಕರು ಅಂಜಿದ್ದು ಅದರೊಳಗೇ ಉಳಿದಿದೆ. ಸ್ವರೂಪವೇ ಬದಲಾಗಿದ್ದರೆ, ಮಗು ಕೇಳಿದ ಹಾಡು ಅದಕ್ಕೆ ಸಿಕ್ಕಿಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾವ್ಯಮೀಮಾಂಸಕ ಆನಂದವರ್ಧನ ವಾಚ್ಯಾರ್ಥದಿಂದ (ಪದ ನೇರವಾಗಿ ಹೇಳುವ ಅರ್ಥದಿಂದ) ಧ್ವನಿಯನ್ನು (ಅದು ಸೂಚಿಸುವ ಅರ್ಥವನ್ನು) ಬೇರ್ಪಡಿಸಿ ತೋರಿಸಿದ್ದು ಇದೇ ಕಾರಣಕ್ಕೆ ಇಂದಿಗೂ ಬೆಲೆಯುಳ್ಳದ್ದು. ನಡುರಾತ್ರಿಯ ನೃತ್ಯಶಾಲೆಗೆಂದು ಕಟ್ಟಿದ ತಾಳ, ಹಂಬಲದಲ್ಲಿ ಎಳೆಯುವ ದನಿ, ಕಾಯಿಸಿ ಕಾಯಿಸಿ ಪಲ್ಲವಿಗೆ ಹಾರುವ ರಚನೆ, ಇವೆಲ್ಲ ಧ್ವನಿಯ ನೆಲೆಗಳು. ಮದ್ಯದ ಹೆಸರಿದ್ದ ಕಡೆ ಹಣ್ಣಿನ ರಸದ ಹೆಸರು ಬಂದರೆ ಇವು ಕದಲುವುದಿಲ್ಲ.

ಇನ್ನೊಂದು ತುದಿಯಲ್ಲಿ, ವಾಚ್ಯದಲ್ಲೇ ಜೀವವಿರುವ ಹಾಡುಗಳಿವೆ. ಲೇಡಿ ಗಾಗಾ ಅವರ 2011ರ 'ಬಾರ್ನ್ ದಿಸ್ ವೇ' ಲೈಂಗಿಕ ಅಲ್ಪಸಂಖ್ಯಾತರನ್ನು ಹೆಸರು ಹಿಡಿದು ಕರೆಯುತ್ತದೆ. ಹಾಗೆ ಕರೆಯುವುದೇ ಅದರ ಉದ್ದೇಶ. ಕಿಡ್ಸ್ ಬಾಪ್ ಆವೃತ್ತಿಯಲ್ಲಿ ಆ ಸಾಲು ಇಲ್ಲ. ಅಲ್ಲಿ ಬೈಗುಳವಿರಲಿಲ್ಲ, ಅಶ್ಲೀಲವಿರಲಿಲ್ಲ, ಮನುಷ್ಯರಿದ್ದರು. ಕೆಟ್ಟ ಪದವನ್ನು ತೆಗೆಯುವುದಕ್ಕೂ ಒಂದು ಬಗೆಯ ಜನರನ್ನು ತೆಗೆಯುವುದಕ್ಕೂ ಇರುವ ಅಂತರ ಪದಗಳ ಪಟ್ಟಿಗೆ ಕಾಣುವುದಿಲ್ಲ. ಆ ಜನರ ಮನೆಗಳಲ್ಲೂ ಮಕ್ಕಳಿದ್ದಾರೆ ಎಂಬುದನ್ನು ನೆನೆದರೆ ಈ ಲೋಪ ಸಣ್ಣದೆನಿಸದು.

ಇದಕ್ಕೆ ಎರಡು ಆಕ್ಷೇಪಗಳು ಸಹಜ. ಮಕ್ಕಳಿಗೆ ಧ್ವನಿ ತಿಳಿಯುವುದಿಲ್ಲ, ಪದವನ್ನಷ್ಟೇ ಹೆಕ್ಕಿ ಶಾಲೆಯಲ್ಲಿ ಉಚ್ಚರಿಸುತ್ತಾರೆ ಎಂಬುದು ಮೊದಲನೆಯದು. ಬೈಗುಳಗಳ ಮಟ್ಟಿಗೆ ಇದು ನಿಜ, ಅಲ್ಲಿ ತಿದ್ದುಪಡಿಗೆ ನನ್ನ ತಕರಾರಿಲ್ಲ. ಆದರೆ ತಿದ್ದಿದ್ದರಲ್ಲಿ ಶ್ಲೇಷೆ, ಸೂಚನೆಗಳೂ ಸೇರಿವೆ. ಧ್ವನಿ ತಿಳಿಯದ ಮಗುವಿಗೆ ಅವು ಹೇಗೂ ತಾಕುತ್ತಿರಲಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ತಿದ್ದದೆ ಹಾಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ 'ಮಿನಿ ಪಾಪ್ಸ್' ಸಾಕ್ಷಿಯಲ್ಲವೆ? ಚಾನೆಲ್ 4ರಲ್ಲಿ 1983ರಲ್ಲಿ ಬಂದ ಆ ಕಾರ್ಯಕ್ರಮ ಪುಟ್ಟ ಮಕ್ಕಳಿಂದ ದೊಡ್ಡವರ ಹಾಡು ಹಾಡಿಸಿ, ತೀವ್ರ ಖಂಡನೆಯ ನಡುವೆ ಒಂದೇ ಸರಣಿಗೆ ನಿಂತಿತು. ಆದರೆ ನೋಡಿದವರನ್ನು ಕಲಕಿದ್ದು ಸಾಹಿತ್ಯಕ್ಕಿಂತ ಮಿಗಿಲಾಗಿ ಮಕ್ಕಳ ಮುಖದ ಮೇಕಪ್ಪು, ತಾರೆಯರನ್ನು ಅನುಕರಿಸಿದ ವೇಷ, ಹಾವಭಾವ. ಪದ ತಿದ್ದಿದ್ದರೂ ಅವು ಉಳಿಯುತ್ತಿದ್ದವು. ಹಾಗಾಗಿ ಈ ಸಾಕ್ಷಿ ನನ್ನ ವಾದದ ಕಡೆಗೇ ವಾಲುತ್ತದೆ.

ಮಗುವಿಗೆ ತಕ್ಕುದನ್ನು ಬೇರೆ ಕಡೆ ಹುಡುಕಬಹುದೆಂಬುದಕ್ಕೆ ಕೆನಡಾದ ಲ್ಯಾಂಗ್ಲಿ ಶಾಲೆಗಳ ಧ್ವನಿಮುದ್ರಣ ಆಧಾರ. ಬ್ರಿಟಿಷ್ ಕೊಲಂಬಿಯಾದ ಈ ಗ್ರಾಮೀಣ ಶಾಲೆಗಳಲ್ಲಿ ಸಂಗೀತ ಕಲಿಸುತ್ತಿದ್ದ ಹಾನ್ಸ್ ಫೆಂಗರ್, 1976–77ರಲ್ಲಿ ಶಾಲೆಯ ವ್ಯಾಯಾಮಶಾಲೆಯಲ್ಲಿ ಮಕ್ಕಳನ್ನು ಕೂರಿಸಿ ಬೀಚ್ ಬಾಯ್ಸ್, ಬೀಟಲ್ಸ್, ಡೇವಿಡ್ ಬೋವಿ, ಈಗಲ್ಸ್ ಹಾಡುಗಳನ್ನು ಹಾಡಿಸಿದರು. ತಾಳವಾದ್ಯಗಳೂ ಮಕ್ಕಳ ಕೈಯಲ್ಲೇ. ಮುದ್ದುಮುದ್ದಾದ ಹಾಡುಗಳೆಂದರೆ ಆ ಮಕ್ಕಳಿಗೆ ಆಗುತ್ತಿರಲಿಲ್ಲ, ಒಂಟಿತನ ಮತ್ತು ದುಃಖದ ಹಾಡುಗಳನ್ನು ಅವರು ಹಚ್ಚಿಕೊಂಡಿದ್ದರು ಎಂದು ಫೆಂಗರ್ ದಾಖಲಿಸಿದ್ದಾರೆ. ಕಾಲು ಶತಮಾನದ ನಂತರ, ಕಿಡ್ಸ್ ಬಾಪ್ ಹುಟ್ಟಿದ 2001ರಲ್ಲೇ, ಈ ಮುದ್ರಣ 'ಇನ್ನೋಸೆನ್ಸ್ ಆಂಡ್ ಡಿಸ್ಪೇರ್' ಹೆಸರಿನಲ್ಲಿ ಲೋಕಕ್ಕೆ ಸಿಕ್ಕಿತು. ಅದರಲ್ಲಿ ಬಾಹ್ಯಾಕಾಶದಲ್ಲಿ ಕಳೆದುಹೋಗುವ ಗಗನಯಾತ್ರಿಯ ಹಾಡನ್ನು ಮಕ್ಕಳು ಒಟ್ಟಾಗಿ ಹಾಡುತ್ತಾರೆ. ಶ್ರುತಿ ಅಲ್ಲಲ್ಲಿ ಜಾರುತ್ತದೆ, ತಾಳ ತುಸು ಹಿಂದೆ ಬೀಳುತ್ತದೆ, ದನಿ ಮಾತ್ರ ಪೂರ್ತಿ ಅವರದೇ.